ಊಟ ಮಾಡದೆ ಹೋದ ಸುಂಟರಗಾಳಿ ಸಿದ್ದ

ನಾನು ಚಿಕ್ಕವನಿದ್ದಾಗ ಜಗತ್ತಿನ ಅತಿ ಬಲಶಾಲಿ ಮನುಷ್ಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದ. ನಗಬೇಡಿ, ಪೂರ್ತಿ ಕೇಳಿ. ಅವನ ಹೆಸರು ಸುಂಟರಗಾಳಿ ಸಿದ್ದ. ಅವನು ಗಾಳಿಯಲ್ಲಿ ಹಾರುತ್ತಿದ್ದ, ಒಂದೇ ಕೈಯಲ್ಲಿ ರೈಲು ನಿಲ್ಲಿಸುತ್ತಿದ್ದ, ಕಳ್ಳರನ್ನು ಹಿಡಿದು ಒಬ್ಬನ ಜುಟ್ಟಿಗೆ ಇನ್ನೊಬ್ಬನ ಜುಟ್ಟು ಗಂಟು ಹಾಕುತ್ತಿದ್ದ. ಎಲ್ಲ ಮುಗಿದ ಮೇಲೆ ಯಾರದಾದರೂ ಮನೆಯ ಮುಂದೆ ಇಳಿದು, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದ. ಸಿದ್ದ ಉಣ್ಣದೆ ಮುಗಿದ ಕಥೆಯನ್ನು ನಾನು ಒಂದನ್ನೂ ಕೇಳಿರಲಿಲ್ಲ.

ಕೇಳಿರಲಿಲ್ಲ ಎಂದೆ, ಓದಿರಲಿಲ್ಲ ಎನ್ನಲಿಲ್ಲ. ಏಕೆಂದರೆ ಆ ಚಿತ್ರಪುಸ್ತಕ ಮರಾಠಿಯಲ್ಲಿತ್ತು. ನಾನು ಕರಜಗಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಗಡಿಯಾಚೆ ಸೋದರಮಾವನ ಊರಿನಲ್ಲಿದ್ದು ಐದನೆಯವರೆಗೆ ಮರಾಠಿ ಶಾಲೆಗೆ ಹೋಗಿ ಬಂದಿದ್ದಳು. ನಮ್ಮ ಓಣಿಯಲ್ಲಿ ಆ ಅಕ್ಷರ ಬಲ್ಲವಳು ಅವಳೊಬ್ಬಳೇ.

ಅಪ್ಪ ಟೇಲರ್. ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಕಟ್ಟೆ, ಕಟ್ಟೆಯ ಮೇಲೆ ಕಾಲಿನಿಂದ ತುಳಿಯುವ ಮಷಿನ್ನು, ತಲೆಯ ಮೇಲೆ ತಗಡು, ಇಷ್ಟೇ ಅಂಗಡಿ. ಕಾಲರಿನ ಅಳತೆ ಕತ್ತರಿಸಿಟ್ಟುಕೊಳ್ಳಲು ಅಪ್ಪ ಸೋಲಾಪುರದಿಂದ ರದ್ದಿ ಕಾಗದ ತರುತ್ತಿದ್ದ. ಒಮ್ಮೆ ಆ ರದ್ದಿಯ ನಡುವೆ ಸಿದ್ದನ ಪುಸ್ತಕ ಬಂತು. ಅಕ್ಕನ ಕಣ್ಣಿಗೆ ಅದು ಬೀಳುವಷ್ಟರಲ್ಲಿ ಅಪ್ಪನ ಕತ್ತರಿ ಕೆಲಸ ಶುರು ಮಾಡಿಬಿಟ್ಟಿತ್ತು. ಮುಖಪುಟ ಮೊದಲೇ ಇರಲಿಲ್ಲ. ನಡುವಿನ ನಾಲ್ಕು ಹಾಳೆಗಳಲ್ಲಿ ಕಾಲರಿನ ಆಕಾರದ ತೂತು ಬಿದ್ದಿತ್ತು. ಒಳಗಿನ ಚಿತ್ರಗಳೆಲ್ಲ ಬರೀ ಕಪ್ಪು ಬಿಳುಪು. ಅಕ್ಕ ಅದನ್ನು ಕಸಿದುಕೊಂಡು ಎದೆಗೆ ಅವಚಿಕೊಂಡದ್ದು ನನಗಿನ್ನೂ ನೆನಪಿದೆ.

ಅಕ್ಕನ ಕೆಲಸ ಅಂಗಿಗಳಿಗೆ ಕಾಜಾ ಹೊಲಿಯುವುದು, ಅಂದರೆ ಗುಂಡಿ ತೂರುವ ಕಂಡಿಗಳಿಗೆ ಸುತ್ತ ದಾರ ಹಾಕುವುದು. ಸಂಜೆ ಶಾಲೆ ಬಿಟ್ಟ ಮೇಲೆ ನಾವು ಏಳೆಂಟು ಹುಡುಗರು ಕಟ್ಟೆ ಹತ್ತುತ್ತಿದ್ದೆವು. ಒಂದು ಕಾಜಾ ಮುಗಿದರೆ ಒಂದು ಹಾಳೆ ಓದುವುದು, ಅದು ಅಕ್ಕನ ಕರಾರು. ಅವಳಿಗೆ ಸೂಜಿ ಪೋಣಿಸಿ ಕೊಡಲು ನಮ್ಮಲ್ಲಿ ಜಗಳವಾಗುತ್ತಿತ್ತು. ಅವಳು ಮರಾಠಿಯನ್ನು ನೋಡುತ್ತ ಕನ್ನಡದಲ್ಲಿ ಹೇಳುತ್ತಿದ್ದಳು. ಪುಸ್ತಕದಲ್ಲಿ ಅವನಿಗೆ ಬೇರೇನೋ ಹೆಸರಿತ್ತು, ಸಿದ್ದ ಎಂದು ಕರೆದವಳು ಅಕ್ಕ. ತೂತಿನ ಹಾಳೆಗಳು ಬಂದಾಗ ಅವಳು ತಡವರಿಸುತ್ತಲೇ ಇರಲಿಲ್ಲ. ಅಲ್ಲಿಯೇ ಸಿದ್ದ ಯಾರದೋ ಮನೆಗೆ ಇಳಿದು, "ಯವ್ವಾ, ಹಸಿವಾಗ್ಯದ, ರೊಟ್ಟಿ ಅದ ಏನ್ರಿ?" ಎನ್ನುತ್ತಿದ್ದ. ಒಂದು ದಿನ ಪುಂಡಿಪಲ್ಯ, ಒಂದು ದಿನ ಝುಣಕ. ಅದೇ ನಾಲ್ಕು ಹಾಳೆ, ಊಟ ಮಾತ್ರ ದಿನಕ್ಕೊಂದು ನಮೂನೆ. ಕೇಳುತ್ತ ಕೇಳುತ್ತ ನಮ್ಮ ಬಾಯಲ್ಲೂ ನೀರು ಬರುತ್ತಿತ್ತು.

ಒಮ್ಮೆ ನಾವು, "ಅವನ ಅಂಗಿ ಯಾವ ಬಣ್ಣದ್ದು ಅಕ್ಕಾ?" ಎಂದು ಕೇಳಿದೆವು. ಅವಳು ಆ ಕಡೆ ಈ ಕಡೆ ನೋಡಿದಳು. ಅಪ್ಪನ ಮಷಿನ್ನಿನ ಪಕ್ಕದಲ್ಲಿ ಅಸ್ತರಿನ ಬಟ್ಟೆಯ ಸುರುಳಿ ಇತ್ತು. "ಹಸರ," ಎಂದಳು. ಅಂದಿನಿಂದ ಸಿದ್ದ ಹಸಿರು.

ಹೀಗಿರುವಾಗ ಅಫಜಲಪುರದ ಟಾಕೀಸಿಗೆ ಸಿದ್ದನ ಸಿನಿಮಾ ಬಂತು. ಟಾಂಗಾದಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬಂದವನು ನಮ್ಮೂರಲ್ಲೂ ಚೀಟಿ ತೂರಿ ಹೋದ. ಚೀಟಿಯ ಮೇಲೆ ಪುಸ್ತಕದ್ದೇ ಚಿತ್ರ, ಎದೆಯ ಮೇಲೆ ಸುಳಿಗಾಳಿಯ ಗುರುತು, ಬೆನ್ನ ಹಿಂದೆ ಹಾರುವ ಬಟ್ಟೆ. ಚೀಟಿಯ ಕಾಗದ ಹಸಿರು ಬಣ್ಣದ್ದು! ನಮಗೆ ಇನ್ನೇನು ಬೇಕು? ಆ ಚೀಟಿ ಹಿಡಿದು ಓಣಿ ತುಂಬ ಕುಣಿದೆವು.

ಕುಣಿಯದೆ ನಿಂತವನು ಒಬ್ಬನೇ, ಹಿಟ್ಟಿನ ಗಿರಣಿಯವರ ಹುಡುಗ. ನನ್ನ ವಾರಿಗೆಯವನೇ, ತಲೆಯ ಮೇಲೆ ಯಾವಾಗಲೂ ಹಿಟ್ಟು. ಅವನು ಹಿಂದಿನ ವಾರ ಸೋಲಾಪುರಕ್ಕೆ ಹೋಗಿ ಗೋಡೆಗೆ ಹಚ್ಚಿದ ಪೋಸ್ಟರ್ ನೋಡಿ ಬಂದಿದ್ದ.

"ಏ, ಹಸರ ಅಲ್ಲಲೇ, ಹಳದಿ," ಎಂದ. "ಮತ್ತ ಅಂಥಾ ದೊಡ್ಡ ಮನಷ್ಯಾ ಮಂದಿ ಮನಿಗೆ ಹೋಗಿ ರೊಟ್ಟಿ ಕೇಳ್ತಾನೇನ್ಲೇ? ನಿಮ್ಮಕ್ಕ ಬರೇ ಸುಳ್ಳ ಹೇಳ್ತಾಳ."

ನನಗೆ ಮೈಯೆಲ್ಲ ಉರಿಯಿತು. ಸಿದ್ದನಿಗೆ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವನು ಬಲಶಾಲಿ, ತಾನೇ ನೋಡಿಕೊಳ್ಳುತ್ತಿದ್ದ. ಅಕ್ಕನಿಗೆ ಅಂದರೆ ಹೇಗೆ? ಅಲ್ಲೇ ಬಾಜಿ ಕಟ್ಟಿದೆ. ಸಿದ್ದ ಸಿನಿಮಾದಲ್ಲಿ ಊಟ ಮಾಡಿದರೆ ಗಿರಣಿಯ ಹುಡುಗ ಓಣಿಯಲ್ಲಿ ಓಡಿಸುವ ಬೇರಿಂಗ್ ಗಾಲಿ ನನಗೆ. ಊಟ ಮಾಡದಿದ್ದರೆ ನಮ್ಮ ಪುಸ್ತಕ ಅವನಿಗೆ. ಎಲ್ಲ ಹುಡುಗರ ಮುಂದೆ ಕೈ ಮೇಲೆ ಕೈ ಬಡಿದೆ. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಗೆಲ್ಲುವ ಬಾಜಿಯನ್ನು ಹೇಳುವುದೇನಿದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಸಿನಿಮಾ ಹಿಂದಿಯಲ್ಲಿತ್ತು. ನಮಗೆ ಬರುತ್ತಿದ್ದುದು ಸಂತೆಯ ಹಿಂದಿ, ಅದರಲ್ಲಿ ಉಳ್ಳಾಗಡ್ಡಿ ಕೊಳ್ಳಬಹುದು, ಸಿನಿಮಾ ನೋಡಲಾಗದು. ಮರಾಠಿ ಕಲಿತ ಅಕ್ಕನಿಗೆ ಹಿಂದಿಯೂ ಅರ್ಥವಾಗುತ್ತಿತ್ತು, ಅವಳು ಬಂದರೆ ಬಿಡಿಸಿ ಹೇಳುತ್ತಾಳೆ ಎಂದು ಅಪ್ಪನ ಬೆನ್ನು ಹತ್ತಿದೆ. ಹೆಣ್ಣುಹುಡುಗಿಗೆ ಟಾಕೀಸು ಯಾಕೆ ಎಂದು ಅಪ್ಪ ಎರಡು ದಿನ ಮುಖ ಗಂಟಿಕ್ಕಿದ್ದ. ಕೊನೆಗೆ ಅವ್ವ ಒಲೆಯ ಮುಂದಿನಿಂದಲೇ, "ನೀವೂ ಜೋಡಿ ಹೋಗ್ರಿ, ಏನಾಗ್ತದ? ಆ ಹುಡುಗಿ ಕಾಜಾ ಹೊಲದು ಹೊಲದು ಕಣ್ಣ ಕಳಕೊಂಡದ. ಒಂದಿನ ಬ್ಯಾರೆ ಏನರೇ ನೋಡ್ಲಿ," ಎಂದಳು. ಅವ್ವ ಹಾಗೆಂದ ಮೇಲೆ ಅಪ್ಪ ಬಸ್ಸಿನ ಖರ್ಚಿಗೆ ಚಿಲ್ಲರೆ ಎಣಿಸತೊಡಗಿದ.

ಭಾನುವಾರ ಮಧ್ಯಾಹ್ನದ ಆಟ. ಅಪ್ಪ, ಅಕ್ಕ, ನಾನು, ಮತ್ತಿಬ್ಬರು ಗೆಳೆಯರು, ಗಿರಣಿಯ ಹುಡುಗ, ಎಲ್ಲರೂ ಬೆಳಿಗ್ಗೆಯ ಬಸ್ಸು ಹತ್ತಿದೆವು. ಬಿಸಿಲಿಗೆ ಬಸ್ಸಿನ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಅಕ್ಕ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದಳು. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದಲ್ಲಿ ಬುತ್ತಿ, ಬುತ್ತಿಯ ಕೆಳಗೆ ಆ ಪುಸ್ತಕ. ಸಿನಿಮಾಕ್ಕೆ ಪುಸ್ತಕ ಯಾಕೆ ಎಂದು ಕೇಳಿದರೆ, "ಅವನೂ ನೋಡ್ಲಿ," ಎಂದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಕಂಡಿರಲಿಲ್ಲ.

ಟಾಕೀಸಿನ ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್ ಇತ್ತು. ಅದರಲ್ಲಿ ನಿಂತವನ ಅಂಗಿ ಲಿಂಬೆಹಣ್ಣಿನ ಹಳದಿ. ಗಿರಣಿಯ ಹುಡುಗ ನನ್ನನ್ನು ನೋಡಿ ಹಲ್ಲು ಕಿರಿದ. "ಅವಾ ಕಳ್ಳರ ಕಡಿಯವ ಇರ್ಬೇಕು," ಎಂದೆ ನಾನು. ಗೆಳೆಯರಿಬ್ಬರೂ ಹೌದೆಂದರು.

ತಗಡಿನ ಛಾವಣಿಯ ಟಾಕೀಸು, ಒಳಗೆ ಬೆವರು, ಬೀಡಿ ಮತ್ತು ಭಜಿಯ ವಾಸನೆ. ಹೆಂಗಸರು ಕೂರುವ ಕಡೆಗೂ ಗಂಡಸರ ಕಡೆಗೂ ನಡುವೆ ಸೊಂಟದೆತ್ತರದ ಗೋಡೆ ಇತ್ತು. ಅಕ್ಕ ಆ ಗೋಡೆಗೆ ಒತ್ತಿಕೊಂಡು ಆಚೆ ಕೂತಳು, ನಾವು ಒತ್ತಿಕೊಂಡು ಈಚೆ ಕೂತೆವು. ಅಪ್ಪ ಹಿಂದಿನ ಕುರ್ಚಿಯಲ್ಲಿ ಕೂತ. ಪರದೆಯ ಮೇಲೆ ಹೆಸರುಗಳು ಬರುವಾಗಲೇ ಅವನ ಗೊರಕೆ ಕೇಳಿಸಿತು.

ಸಿನಿಮಾ ಶುರುವಾಗಿ ಬಹಳ ಹೊತ್ತು ನಾವು ಸಿದ್ದನಿಗಾಗಿ ಕಾದೆವು. ಹಳದಿ ಅಂಗಿಯವನೇ ಮತ್ತೆ ಮತ್ತೆ ಬರುತ್ತಿದ್ದ. ಅವನು ಹಾರಿದಾಗ ಬೆನ್ನಿಗೆ ಕಟ್ಟಿದ ಹಗ್ಗ ನನಗೂ ಕಂಡಿತು, ಬಾವಿಗೆ ಬಿಟ್ಟ ಕೊಡದಂತೆ ಜೋಲಾಡುತ್ತಿದ್ದ. ಒಮ್ಮೆ ಹಸಿರು ಅಂಗಿಯವನೊಬ್ಬ ಜೀಪಿನಿಂದ ಇಳಿದ. "ಬಂದ! ಸಿದ್ದ ಬಂದ!" ಎಂದು ನಾವು ಮೂವರೂ ಎದ್ದು ಚಪ್ಪಾಳೆ ತಟ್ಟಿದೆವು. ಸುತ್ತಲಿನವರು ನಮ್ಮನ್ನು ನೋಡಿದರು. ಆ ಹಸಿರು ಅಂಗಿಯವನು ಎರಡು ಹೆಜ್ಜೆ ನಡೆದು, ಗುಂಡು ತಿಂದು, ಸತ್ತುಹೋದ. ನಾವು ಕೂತೆವು.

ಗೋಡೆಯ ಆಚೆಯಿಂದ ಅಕ್ಕ ಮೆಲ್ಲಗೆ ಹೇಳಿದಳು, "ಆ ಹಳದಿಯವನೇ ಸಿದ್ದ ನೋಡೋ."

ಬಣ್ಣ ಹೋದರೆ ಹೋಗಲಿ, ಊಟ ಇದೆಯಲ್ಲ ಎಂದು ನಾನು ಧೈರ್ಯ ತಂದುಕೊಂಡೆ. ಆದರೆ ಅವನಿಗೆ ಊಟದ ಚಿಂತೆಯೇ ಇರಲಿಲ್ಲ. ಗುಡ್ಡದ ಮೇಲೆ ಒಬ್ಬಳು ಹುಡುಗಿಯ ಹಿಂದೆ ಹಾಡು ಹೇಳುತ್ತ ಓಡಿದ. ಅತ್ತ ಊರಿಗೆ ಬೆಂಕಿ ಬಿದ್ದಿದೆ, ಇತ್ತ ಇವನು ಹೂ ಕಿತ್ತು ಅವಳ ಜಡೆಗೆ ಮುಡಿಸುತ್ತಿದ್ದಾನೆ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ," ಎಂದು ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅರ್ಧ ಸಿನಿಮಾಕ್ಕೆ ದೀಪ ಹತ್ತಿದಾಗ ಅಕ್ಕ ಬುತ್ತಿಯ ರೊಟ್ಟಿಯನ್ನು ಗೋಡೆಯ ಮೇಲಿಂದ ಕೊಟ್ಟಳು. ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಬಾಜಿಯ ವಿಷಯ ಹೇಳಿಬಿಟ್ಟೆ. ಅಕ್ಕ ತಿನ್ನುವುದನ್ನು ನಿಲ್ಲಿಸಿದಳು.

"ಪುಸ್ತಕಾ ಹಚ್ಚಿಬಿಟ್ಟಿಯೇನು ಬಾಜಿಗೆ? ನನ್ನ ಒಂದ್ ಮಾತ ಕೇಳಾಕ ನಿನಗ ಬಾಯಿ ಇರಲಿಲ್ಲೇನ್ಲೇ?"

"ಯಾಕ? ಅವಾ ಉಣ್ತಾನಲ್ಲ ಅಕ್ಕಾ?"

ಅವಳು ನನ್ನ ಮುಖವನ್ನೇ ನೋಡಿದಳು. "ನೋಡಮು," ಎಂದಷ್ಟೇ ಅಂದಳು. ದೀಪ ಆರಿತು. ಆಮೇಲೆ ಅವಳು ನಮಗೆ ಏನನ್ನೂ ಬಿಡಿಸಿ ಹೇಳಲಿಲ್ಲ. ಗೋಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತ ಕೂತಳು.

ಕಳ್ಳರು ಸತ್ತರು, ಬೆಂಕಿ ಆರಿತು. ಕೊನೆಗೆ ಹಳದಿಯವನ ಮದುವೆ ಬಂತು. ಮದುವೆ! ನನಗೆ ಜೀವ ಬಂದಂತಾಯಿತು. ಮದುವೆ ಎಂದ ಮೇಲೆ ಊಟ ಇರಲೇಬೇಕಲ್ಲ? ಹಂದರ ಇತ್ತು, ಮಂದಿ ಇದ್ದರು, ಹಿಂದೆ ದೊಡ್ಡ ದೊಡ್ಡ ಹಂಡೆಗಳೂ ಕಂಡವು. ಗಿರಣಿಯ ಹುಡುಗ ಉಗುರು ಕಚ್ಚತೊಡಗಿದ. ಆಳೊಬ್ಬ ಬೆಳ್ಳಿಯ ದೊಡ್ಡ ತಾಟನ್ನು ಬಟ್ಟೆ ಮುಚ್ಚಿ ಹೊತ್ತುಕೊಂಡು ಸಿದ್ದನ ಎದುರಿಗೇ ತಂದಿಟ್ಟ. ನಾನು ಎದ್ದು ನಿಂತೆ. ಗೋಡೆಯ ಆಚೆ ನೋಡಿದರೆ ಅಕ್ಕನೂ ನಿಂತಿದ್ದಳು. ಬಟ್ಟೆ ತೆಗೆದರು. ತಾಟಿನಲ್ಲಿ ಎರಡು ಹೂಮಾಲೆ ಇದ್ದವು. ಮಾಲೆ ಹಾಕಿಕೊಂಡು ಇಬ್ಬರೂ ಹಗ್ಗದ ಮೇಲೆ ಹಾರಿ ಹೋದರು, ಸಿನಿಮಾ ಮುಗಿದೇ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅಂದು ಸಿದ್ದನ ಗತಿ ಅದೇ ಆಯಿತು.

ಮಂದಿ ಎದ್ದು ಹೊರಟರು. ನಾನು ಏಳಲಿಲ್ಲ. ಇನ್ನೂ ಸ್ವಲ್ಪ ಇರಬೇಕು ಎನಿಸಿತು. ಊಟವಿಲ್ಲದೆ ಮುಗಿಯುವುದುಂಟೆ? ನಾನು ಕೂತದ್ದು ನೋಡಿ ಗೆಳೆಯರೂ ಕೂತರು. ಬಾಗಿಲು ಕಾಯುವವನು ಬಂದು, "ಏಳ್ರಿ, ಏಳ್ರಿ, ಮುಂದಿನ ಆಟದ ಮಂದಿ ನಿಂತದ," ಎಂದ.

"ಊಟಾ ಇನ್ನಾ ಆಗಿಲ್ರಿ," ಎಂದೆ ನಾನು.

"ಅದಕ್ಕ ನಾ ಏನ್ ಮಾಡ್ಲೋ? ಹೊರಗ ಭಜಿ ಮಾಡಾಕತ್ತಾರ, ಹೋಗ್ ತಿನ್ನು," ಎಂದು ನನ್ನ ರೆಟ್ಟೆ ಹಿಡಿದು ಎಬ್ಬಿಸಿದ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅಪ್ಪ ಪೋಸ್ಟರಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. "ಹೊಲಿಗಿ ಬರೋಬರಿ ಇಲ್ಲ. ಬಗಲಾಗ ಜಗ್ಗತದ. ಹಾರೋ ಮನಷ್ಯಾಗ ಬಗಲಾಗ ಬಟ್ಟಿ ಸಡ್ಲ ಬಿಡಬೇಕು," ಎಂದ. ಇಡೀ ಸಿನಿಮಾದ ಬಗ್ಗೆ ಅಪ್ಪ ಆಡಿದ ಮಾತು ಇಷ್ಟೇ.

ಗಿರಣಿಯ ಹುಡುಗ ಕೈ ಚಾಚಿ ನಿಂತಿದ್ದ. ಸೋತ ಸಿಟ್ಟು, ನಾಚಿಕೆ ಎಲ್ಲ ಒಟ್ಟಿಗೆ ಬಂದು ನಾನು ಅಕ್ಕನ ಮೇಲೆ ಹರಿಹಾಯ್ದೆ. "ನೀ ಸುಳ್ಳ ಹೇಳಿದಿ! ಹಸರೂ ಸುಳ್ಳ, ರೊಟ್ಟಿನೂ ಸುಳ್ಳ! ನೀ ಬರೇ ಸುಳ್ಳುಬುರುಕಿ!" ಎಂದು ಎಲ್ಲರ ಮುಂದೆ ಕೂಗಿದೆ. ಯಾವ ಮಾತಿಗಾಗಿ ಬಾಜಿ ಕಟ್ಟಿದ್ದೆನೋ ಅದೇ ಮಾತನ್ನು ನಾನೇ ಆಡಿದ್ದೆ.

ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಚೀಲದಲ್ಲಿ ಕೈ ಹಾಕಿ ಪುಸ್ತಕ ತೆಗೆದಳು, ಅದಕ್ಕೆ ಅಂಟಿದ್ದ ರೊಟ್ಟಿಯ ಚೂರನ್ನು ಲಂಗದ ಅಂಚಿನಿಂದ ಒರೆಸಿ ಗಿರಣಿಯ ಹುಡುಗನ ಕೈಗೆ ಇಟ್ಟಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಪಕ್ಕದಲ್ಲೇ ಇದ್ದೆ. ನನಗೆ ಎಷ್ಟು ಕೆಟ್ಟದೆನಿಸಿತು ಎಂದರೆ, ಬಸ್ಸಿನಿಂದ ಇಳಿದು ಓಡಿಹೋಗಲೇ ಎನಿಸಿತ್ತು.

ಮರುದಿನ ಸಂಜೆ ಕಟ್ಟೆಯ ಮೇಲೆ ಯಾರೂ ಬರಲಿಲ್ಲ. ಅಕ್ಕ ಒಬ್ಬಳೇ ತಲೆ ಬಗ್ಗಿಸಿ ಕಾಜಾ ಹೊಲಿದಳು. ಸೂಜಿಗೆ ತಾನೇ ದಾರ ಪೋಣಿಸಿಕೊಂಡಳು. ಅಪ್ಪ ಮಷಿನ್ ತುಳಿಯುವುದನ್ನು ನಿಲ್ಲಿಸಿ ಎರಡು ಸಲ ಅವಳನ್ನು ನೋಡಿದ. "ಇವತ್ತ ಅಂಗಡಿ ಭಾಳ ತಣ್ಣಗ ಅದ," ಎಂದ. ಮೂರು ದಿನ ಹೀಗೇ ಹೋಯಿತು. ಕಾಜಾಗಳು ಬೇಗ ಮುಗಿಯುತ್ತಿದ್ದವು. ಅದರಿಂದ ಯಾರಿಗೂ ಸಂತೋಷವಾದಂತೆ ಕಾಣಲಿಲ್ಲ.

ನಾಲ್ಕನೆಯ ದಿನ ಗಿರಣಿಯ ಹುಡುಗ ಬಂದ. ಅಂಗಿಯೊಳಗೆ ಏನನ್ನೋ ಬಚ್ಚಿಟ್ಟುಕೊಂಡಿದ್ದ. ಕಟ್ಟೆಯ ಕೆಳಗೇ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಕೆರೆದುಕೊಳ್ಳುತ್ತ ಪುಸ್ತಕ ಹೊರಗೆ ತೆಗೆದ. ಹಾಳೆ ಹಾಳೆಯ ಮೇಲೂ ಹಿಟ್ಟಿನ ಬೆರಳ ಗುರುತು. ಮೂರು ದಿನ ಅದನ್ನು ಎಷ್ಟು ಸಲ ತಿರುವಿ ಹಾಕಿದ್ದನೋ! ಅವನಿಗೂ ಮರಾಠಿ ಬರುತ್ತಿರಲಿಲ್ಲ.

"ಅಕ್ಕಾ," ಎಂದ. "ಈ ತೂತ ಬಿದ್ದ ಹಾಳ್ಯಾಗ ಏನದ?"

"ನಾ ಸುಳ್ಳುಬುರುಕಿ," ಎಂದಳು ಅಕ್ಕ, ತಲೆ ಎತ್ತದೆ. "ಸಿನಿಮಾ ನೋಡಿ ಬಂದಿಯಲ್ಲ? ಅದರಾಗ ಏನ್ ಅದ ಅದೇ ಖರೇ."

ಹುಡುಗ ತೂತಿನ ಹಾಳೆ ತೆರೆದು ಅವಳ ಮುಂದೆ ಹಿಡಿದ. ಆಮೇಲೆ, "ಸಿನಿಮಾದಾಗ ಅವಾ ಉಪವಾಸ ಹೋದ ಅಕ್ಕಾ," ಎಂದ. ಅವನ ದನಿ ಅಳುವವನಂತಿತ್ತು. "ಅವಾ ಉಣ್ಣೋ ಹಂಗ ಓದು. ಪುಸ್ತಕಾ ನಿನ್ನ ಹತ್ತರಾನ ಇರ್ಲಿ."

ನಾನು ಅಕ್ಕನ ಪಕ್ಕದಲ್ಲಿದ್ದ ಇನ್ನೊಂದು ಸೂಜಿ ತೆಗೆದುಕೊಂಡು, ದಾರದ ತುದಿ ನಾಲಿಗೆಗೆ ಮುಟ್ಟಿಸಿ, ಪೋಣಿಸಿ, ಅವಳ ಮುಂದೆ ಹಿಡಿದೆ. "ನಂದ ತಪ್ಪಾತು ಅಕ್ಕಾ," ಎಂದೆ. ಅವಳು ಸೂಜಿ ತೆಗೆದುಕೊಳ್ಳಲು ಬೇಕೆಂದೇ ತಡ ಮಾಡಿದಳು. ನನ್ನ ಕೈ ನೋಯುವವರೆಗೂ ಹಿಡಿಸಿದಳು. ಆಮೇಲೆ ತೆಗೆದುಕೊಂಡಳು.

"ಸರಿ, ಹತ್ತಿ ಕೂಡ್ರಿ. ಮೊದ್ಲ ಹೇಳ್ರಿ, ಅಂಗಿ ಯಾವ ಬಣ್ಣ ಇರ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಗಿರಣಿಯ ಹುಡುಗ, "ಹಸರ," ಎಂದ.

ಅಂದು ಸಿದ್ದ ಗಿರಣಿಯವರ ಮನೆಗೇ ಊಟಕ್ಕೆ ಹೋದ. ಬಿಸಿ ರೊಟ್ಟಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹನ್ನೊಂದು ರೊಟ್ಟಿ ತಿಂದ. ಗಿರಣಿಯ ಹುಡುಗ ಒಂದೊಂದನ್ನೂ ಬೆರಳು ಮಡಿಸಿ ಎಣಿಸಿದ.

ಮುಂದೆ ದೊಡ್ಡ ಶಾಲೆಗೆ ಹೋಗಿ ಹಿಂದಿ ಕಲಿತೆ. ಮರಾಠಿಗೂ ಅದೇ ಅಕ್ಷರ. ಒಂದು ದಿನ ಅಕ್ಕ ಇಲ್ಲದಾಗ ಟ್ರಂಕಿನಿಂದ ಪುಸ್ತಕ ತೆಗೆದು ಕೂಡಿಸಿ ಕೂಡಿಸಿ ಓದಿದೆ. ಅದರಲ್ಲಿ ರೊಟ್ಟಿ ಎಲ್ಲಿಯೂ ಇರಲಿಲ್ಲ. ಮೂರನೆಯ ಹಾಳೆಯಲ್ಲೇ ಅವನ ಅಂಗಿ ಹಳದಿ ಎಂದು ಬರೆದಿತ್ತು. ಸಿನಿಮಾದವರು ಪಾಪ, ಆ ಹಾಡೊಂದನ್ನು ಬಿಟ್ಟರೆ, ಪುಸ್ತಕದಲ್ಲಿ ಇದ್ದಂತೆಯೇ ತೆಗೆದಿದ್ದರು. ಪುಸ್ತಕವನ್ನು ಮೊದಲಿದ್ದಂತೆಯೇ ಮಡಿಸಿ ಇಟ್ಟೆ. ಅಕ್ಕನಿಗೆ ಇದನ್ನು ಇಂದಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಈಗ ನನ್ನ ಮೊಮ್ಮಕ್ಕಳ ಪುಸ್ತಕಗಳಿಗೆ ಮುಖಪುಟ ಇರುತ್ತದೆ, ಒಳಗೆಲ್ಲ ಬಣ್ಣ ಇರುತ್ತದೆ. ಯಾರ ಕತ್ತರಿಯೂ ಬೀಳುವುದಿಲ್ಲ. ಹೀರೋ ಹಾರಿದರೆ ಹಗ್ಗ ಕಾಣುವುದಿಲ್ಲ. ಪುಣ್ಯವಂತರು. ಆದರೂ ಈ ಬೇಸಿಗೆಯಲ್ಲಿ ಕಲಬುರಗಿಗೆ ಹೋಗಿ ತಮ್ಮ ಮೆಚ್ಚಿನ ಹೀರೋನ ಸಿನಿಮಾ ನೋಡಿ ಬಂದವರು ಮೋರೆ ಊದಿಸಿಕೊಂಡು ಮಂಚದ ಮೇಲೆ ಬಿದ್ದುಕೊಂಡರು. "ಏನೂ ಚಂದ ಇಲ್ಲ ಮುತ್ಯಾ. ಪುಸ್ತಕದಾಗ ಇದ್ದಂಗ ಇಲ್ಲ," ಎಂದಳು ಮೊಮ್ಮಗಳು, ಕಣ್ಣಲ್ಲಿ ನೀರು ತುಂಬಿಕೊಂಡು.

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಫೋನು ತೆಗೆದು ಅಕ್ಕನಿಗೆ ಹಚ್ಚಿದೆ. ಅವಳಿಗೆ ಈಗ ಕಣ್ಣು ಮಂಜು, ಸೂಜಿ ಪೋಣಿಸಲು ಸೊಸೆ ಬೇಕು. ದನಿ ಮಾತ್ರ ಹಾಗೇ ಇದೆ. ಎಲ್ಲ ಕೇಳಿಸಿಕೊಂಡು ಮೊಮ್ಮಗಳಿಗೆ ಒಂದೇ ಪ್ರಶ್ನೆ ಹಾಕಿದಳು.

"ಊಟಾ ಮಾಡಿದ್ನೇನವ್ವಾ ಅವಾ?"

"ಇಲ್ಲ ಆಯಿ."

"ಅದಕ್ಕ ಮತ್ತ! ಹಸದವ ಏನ್ ಹಾರ್ತಾನ? ಇರ್ಲಿ, ನಾ ಹೇಳ್ತೇನಿ ಕೇಳು. ಮೊದ್ಲ ನೀ ಹೇಳು, ಅವನ ಅಂಗಿ ಯಾವ ಬಣ್ಣ?"

ಮೊಮ್ಮಗಳು ಕಣ್ಣೊರೆಸಿಕೊಂಡು ಆ ಕಡೆ ಈ ಕಡೆ ನೋಡಿದಳು. ನನ್ನ ಹೆಗಲ ಮೇಲೆ ಹಳೆಯ ಟವೆಲ್ಲು ಇತ್ತು.

"ಮುತ್ಯಾನ ಟವೆಲ್ ಬಣ್ಣ," ಎಂದಳು.